ಚಪ್ಪಲಿಗಳ ಹತ್ತಿರ ಕೂರುತ್ತಿದ್ದ ವಕೀಲರು

ಯಾವುದೇ ಸಂಸ್ಥೆಯವರು ತಮ್ಮ ಸಭೆಗಳ ನಡಾವಳಿ ಪುಸ್ತಕವನ್ನು ತಂದು ಮುಂದಿಟ್ಟರೆ ಅವರು ಮೊದಲು ಅದನ್ನು ಓದುತ್ತಿರಲಿಲ್ಲ. ಶಾಯಿ ನೋಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಬೆಳಕಿಗೆ ಹಿಡಿದು, ವರ್ಷದ ಮೊದಲ ಸಭೆಯಿಂದ ಕೊನೆಯ ಸಭೆಯವರೆಗೆ ಹಾಳೆ ತಿರುವುತ್ತಿದ್ದರು. ಎಲ್ಲ ಸಭೆಗಳದ್ದೂ ಒಂದೇ ಪೆನ್ನು, ಒಂದೇ ಕೈ, ಒಂದೇ ಓಟ ಎಂದು ಕಂಡರೆ ಎದುರಿಗಿದ್ದ ಕಾರ್ಯದರ್ಶಿಯನ್ನು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು: ಇಡೀ ವರ್ಷದ ಸಭೆಗಳನ್ನು ಯಾವ ಮಧ್ಯಾಹ್ನ ಮುಗಿಸಿದಿರಿ, ಊಟ ಆಗಿತ್ತೋ ಇಲ್ಲವೋ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಕಾರ್ಯದರ್ಶಿ ತನ್ನ ಜೇಬಿನ ಪೆನ್ನು ಮುಟ್ಟಿಕೊಳ್ಳುತ್ತಿದ್ದ. ಇವರು ಚಹಾ ತರಿಸುತ್ತಿದ್ದರು. ಬೈಗುಳ ಚಹಾ ಆದ ಮೇಲೆ.

ಹೋದ ವಾರ ಒಂದು ಮುಖ್ತ್ಯಾರ್‌ನಾಮೆಯ ಕೆಲಸಕ್ಕೆಂದು ಕಚಹರಿಗೆ, ಅಂದರೆ ಇಲ್ಲಿನ ಕೋರ್ಟಿಗೆ, ಹೋಗಿದ್ದೆ. ಬೇವಿನ ಮರದ ಕೆಳಗಿನ ಅವರ ಚೌಕಿಯ ಮೇಲೆ ಬೇರೆ ಯಾರದೋ ಹೆಸರಿನ ಹಲಗೆ ಬಂದಿದೆ. ಇಲ್ಲಿ ವಕೀಲರು ಕೂರುವ ಆ ಮರದ ಮಂಚದಂಥ ಚೌಕಿಗಳಿಗೆ ಬಹಳ ಬೇಡಿಕೆ, ಖಾಲಿ ಬಿಡುವುದಿಲ್ಲ. ಅವರು ಕಾರ್ತಿಕದಲ್ಲಿ ತೀರಿಕೊಂಡರು. ಪೌಷ ಮುಗಿಯುವುದರೊಳಗೆ ಹೊಸಬರು ಬಂದು ಕೂತಿದ್ದಾರೆ. ಅದು ಸರಿಯೇ. ಆದರೂ ನನಗೆ ಸುಮ್ಮನೆ ಸಿಟ್ಟು ಬಂತು, ಮುಖ್ತ್ಯಾರ್‌ನಾಮೆ ಮಾಡಿಸದೆ ವಾಪಸು ಬಂದೆ. ಮನೆಗೆ ಬಂದವನು ಇದನ್ನು ಬರೆಯಲು ಕೂತೆ.

ಕಚಹರಿಯಲ್ಲಿ ಅವರು ಎಲ್ಲರಿಗೂ ವಕೀಲ್ ಸಾಹೇಬ್. ನಮಗೆ, ಅಂದರೆ ಈ ಕಾಶಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಚದುರಿಕೊಂಡಿರುವ ಕನ್ನಡದವರಿಗೆ, ಕಾಕಾ. ಬಾಗಲಕೋಟೆ ಕಡೆಯ ಹಳ್ಳಿಯವರು. ಹನ್ನೊಂದನೆಯ ವಯಸ್ಸಿಗೆ ಇಲ್ಲಿನ ನಮ್ಮ ಕಡೆಯ ಮಠಕ್ಕೆ ಸಂಸ್ಕೃತ ಓದಲು ಬಂದು, ವ್ಯಾಕರಣ ತಲೆಗೆ ಹತ್ತದೆ, ನಿಧಾನಕ್ಕೆ ಕಾನೂನಿನ ಕಡೆ ಜಾರಿದವರು. ಸ್ವಾಮಿಯಾಗಲಿ ಎಂದು ಕಳಿಸಿದರು, ವಕೀಲನಾದೆ, ಎರಡೂ ಕಡೆ ಜನ ಬಂದು ತಮ್ಮ ಪಾಪ ಹೇಳಿಕೊಳ್ಳುವುದೇ ತಾನೇ ಎಂದು ನಗುತ್ತಿದ್ದರು.

ನಾನು ದಾವಣಗೆರೆಯವನು. ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಬಂದ ಹೊಸತರಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು ಅನ್ನಿಸುತ್ತಿದ್ದ ದಿನಗಳಲ್ಲಿ ಶಿವಾಲ ಮೊಹಲ್ಲೆಯ ಅವರ ಮನೆಗೆ ಯಾರೋ ಕರೆದುಕೊಂಡು ಹೋದರು. ಎರಡು ಸೈಕಲ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿ. ಮೂರನೆಯ ಮಹಡಿಯಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುವವರು, ಯಾರು ಏನು ಎಂದು ಕೇಳದೆ ನನ್ನ ಮುಂದೆ ತಟ್ಟೆ ಇಟ್ಟರು. ಊರಿನಿಂದ ಯಾತ್ರೆಗೆ ಬರುವವರೆಲ್ಲ ಕಾಕಾನಿಗೆ ಜೋಳದ ಹಿಟ್ಟು ತರಬೇಕೆಂಬುದು ನಿಯಮ. ಕಾಶಿಗೆ ಮಂದಿ ಬರೀ ಪಾಪ ಹೊತ್ತುಕೊಂಡು ಬರುತ್ತಾರೆ, ಅದರ ಜೊತೆಗೆ ಐದು ಕಿಲೋ ಹಿಟ್ಟು ತಂದರೆ ಗಂಗೆಗೇನೂ ಭಾರವಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಿಬಿಡುತ್ತಿದ್ದರು. ಮೊಮ್ಮಗಳು ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು. ಅವರು ಅದನ್ನು ತಿದ್ದುತ್ತಿರಲಿಲ್ಲ. ತಾನು ತನ್ನ ಮನೆಯೊಳಗೇ ಅಲ್ಪಸಂಖ್ಯಾತ, ಒಂದು ಅರ್ಜಿ ಹಾಕಬೇಕು ಅನ್ನುತ್ತಿದ್ದರು.

ಮೀಸೆಗೆ ಬಣ್ಣ ಹಚ್ಚುತ್ತಿದ್ದರು, ತಲೆಗೆ ಹಚ್ಚುತ್ತಿರಲಿಲ್ಲ. ಬಿಳಿ ತಲೆ, ಕರಿ ಮೀಸೆ. ಕರಿ ಕೋಟು ಮಾತ್ರ ಬಿಸಿಲಿಗೆ ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಸಿಹಿ ಕಂಡರೆ ಆಸೆ ತಡೆಯದು. ಚಳಿಗಾಲದಲ್ಲಿ ಹಾಲಿನ ನೊರೆಯ ಮಲಯ್ಯೋ ಮಾರುವವನು ಅವರಿಗಾಗಿಯೇ ಎರಡು ಮಣ್ಣಿನ ಕುಲ್ಹಡ್ ತೆಗೆದಿಟ್ಟಿರುತ್ತಿದ್ದ. ನಾನು ರಕ್ತದೊತ್ತಡ ನೋಡುತ್ತೇನೆಂದು ತೋಳು ಕೇಳಿದರೆ ತಮ್ಮ ಕಕ್ಷಿದಾರರು ಕಾಯುತ್ತಿದ್ದಾರೆ ಎಂದು ಎದ್ದುಬಿಡುತ್ತಿದ್ದರು. ಊರಿಗೆಲ್ಲ ನೋಟೀಸಿಗೆ ಹೆದರಬೇಡಿ ಅನ್ನುವ ಮನುಷ್ಯ, ತೋಳಿಗೆ ಸುತ್ತುವ ಒಂದು ಪಟ್ಟಿಗೆ ಹೆದರುತ್ತಿದ್ದರು.

ಅವರ ಕೆಲಸದ ರೀತಿ ಬೇರೆ ಯಾವ ವಕೀಲರಲ್ಲೂ ನಾನು ಕಂಡಿಲ್ಲ. ಆಸ್ತಿ, ಬಾಡಿಗೆಯ ಮೊಕದ್ದಮೆಗಳಿಂದ ಹೊಟ್ಟೆ ಹೊರೆಯುತ್ತಿದ್ದರು. ಮನಸ್ಸು ಮಾತ್ರ ಸಣ್ಣ ಸಂಸ್ಥೆಗಳ ಮೇಲೆ. ನೇಕಾರರ ಹೆಂಗಸರ ಸಂಘ, ಘಾಟಿನ ಮಕ್ಕಳ ಶಾಲೆ, ಕಿವುಡರ ಹೊಲಿಗೆ ಕೇಂದ್ರ, ಇಂಥವು. ಕೆಲಸವೇನೋ ಚೆನ್ನಾಗಿ ಮಾಡುವ, ಕಾಗದ ಕಂಡರೆ ಕೈಕಾಲು ಬಿಡುವ ಜನ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಪದಾಧಿಕಾರಿಗಳ ಪಟ್ಟಿ, ತೆರಿಗೆಯ ಕಾಗದ, ಬ್ಯಾಂಕಿನವರು ಕೇಳುವ ಠರಾವು. ಒಂದು ತಪ್ಪಿದರೆ ನೋಟೀಸು, ಎರಡು ತಪ್ಪಿದರೆ ಖಾತೆ ಬಂದ್. ಕಾಕಾ ಒಂದು ಮಾತು ಹೇಳುತ್ತಿದ್ದರು, ಅದು ನನಗೆ ಬಾಯಿಪಾಠವಾಗಿದೆ: "ಕಳ್ಳರ ಕಾಗದ ಯಾವಾಗ್ಲೂ ಚಲೋ ಇರ್ತಾವ ನೋಡ್ರಿ. ಹೊಲಸು ಕಾಗದ ಇರೂದು ಖರೇ ಕೆಲಸ ಮಾಡೋರ್‍ದು."

ಅದಕ್ಕೆ ಅವರ ಔಷಧಿ, ಸಭೆ. ನಿಜವಾದ ಸಭೆ. ಯಾವ ಸಂಸ್ಥೆಯ ಕೇಸು ಹಿಡಿದರೂ ಅದರ ಸರ್ವಸಾಧಾರಣ ಸಭೆಗೆ ತಾವೇ ಹೋಗುತ್ತಿದ್ದರು. ವೇದಿಕೆಗೆ ಕರೆದರೆ ಹೋಗುತ್ತಿರಲಿಲ್ಲ. ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟ ಜಾಗದಲ್ಲಿ, ಗೋಡೆಗೆ ಒರಗಿ ಕೂರುತ್ತಿದ್ದರು. ಸಭೆಗೆ ಹೆದರಿಕೊಂಡು ಬಂದವರು ಅಲ್ಲೇ ಕೂರುತ್ತಾರೆ, ನನ್ನ ಕಕ್ಷಿದಾರರು ಅವರೇ ಎಂಬುದು ಅವರ ಲೆಕ್ಕ. ಅಧ್ಯಕ್ಷರ ಭಾಷಣವೆಲ್ಲ ಮುಗಿದ ಮೇಲೆ ಇಡೀ ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದವರ ಕಡೆ ತಿರುಗಿ, ಈಗ ಇಲ್ಲಿ ಏನು ನಿರ್ಣಯವಾಯಿತು, ಹೇಳಿ ಎಂದು ಭೋಜ್‌ಪುರಿಯಲ್ಲಿ ಕೇಳುತ್ತಿದ್ದರು. ಅವರು ಏನು ಹೇಳುತ್ತಾರೋ ಅದನ್ನೇ, ಆ ಮಾತಿನಲ್ಲೇ ನಡಾವಳಿಯಲ್ಲಿ ಬರೆಸುತ್ತಿದ್ದರು. ಅವರಿಗೆ ಹೇಳಲು ಬರದಿದ್ದರೆ ನಿರ್ಣಯವೇ ಆಗಿಲ್ಲ ಎಂದರ್ಥ, ಮತ್ತೆ ಮೊದಲಿನಿಂದ ಶುರು. ನಾಲ್ಕು ಗಂಟೆ, ಐದು ಗಂಟೆ. ಕಾರ್ಯದರ್ಶಿಗಳು ಹಲ್ಲು ಕಡಿಯುತ್ತಿದ್ದರು. ಅವರ ಕಪಾಟಿನಲ್ಲಿದ್ದ ನಕಲುಗಳನ್ನು ನಾನು ಓದಿದ್ದೇನೆ. ಹೊಲಿಗೆ ಯಂತ್ರ ಕೊಳ್ಳುವ ಠರಾವಿನಲ್ಲಿ, ಹಳೇ ಯಂತ್ರದ ಸದ್ದಿಗೆ ಅತ್ತೆ ಬೈಯುತ್ತಾರೆ, ಹೊಸದು ಬೇಕು ಎಂದಿರುತ್ತಿತ್ತು. ಕಚೇರಿಯ ಗುಮಾಸ್ತರು ಅದನ್ನು ಓದಿ ನಕ್ಕು ಠಸ್ಸೆ ಒತ್ತುತ್ತಿದ್ದರು. ಆ ಕಾಗದ ಸುಳ್ಳಲ್ಲ ಎಂದು ಅವರಿಗೂ ಗೊತ್ತಾಗುತ್ತಿತ್ತು.

ಇದನ್ನೆಲ್ಲ ಬಹಳ ವರ್ಷ ಪುಕ್ಕಟೆ ಮಾಡಿದರು. ಸ್ವಂತ ಖರ್ಚಿನಲ್ಲಿ ಟೋಟೋ ಹಿಡಿದು ಗಲ್ಲಿ ಗಲ್ಲಿ ತಿರುಗಿದರು. ಟೋಟೋ ಅಂದರೆ ಇಲ್ಲಿನ ಬ್ಯಾಟರಿ ರಿಕ್ಷಾ. ಕಾಕು ಗೊಣಗುತ್ತಿದ್ದದ್ದು ನಿಜ. ಆಮೇಲೆ ಯಾರೋ ಹೇಳಿ ದಿಲ್ಲಿಯ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಸಣ್ಣ ಸಂಸ್ಥೆಗಳಿಗೆ ಬರುವ ಕಾನೂನಿನ ತೊಡಕುಗಳನ್ನು ಅದೇ ಊರಿನವರು ನಿಭಾಯಿಸುವಂತಾಗಲಿ ಎಂದು ಅವರು ಅನುದಾನ ಕೊಡುತ್ತಿದ್ದರು. ಅರ್ಜಿ ನೋಡಲು ಅಲ್ಲಿಂದ ಒಬ್ಬ ಹೆಣ್ಣುಮಗಳು ಬಂದಳು. ಚುರುಕು ಹುಡುಗಿ, ಕಾಲಿಗೆ ಓಡುವ ಬೂಟು. ಎಷ್ಟು ಕಾರ್ಯಾಗಾರ, ಎಷ್ಟು ಜನ ಫಲಾನುಭವಿಗಳು, ಬ್ಯಾನರಿನ ಫೋಟೋ ಎಲ್ಲಿ ಎಂದು ಕೇಳಿದಳು. ಇವರು ಬ್ಯಾನರು ಕಟ್ಟಿದವರೇ ಅಲ್ಲ. ಅವಳನ್ನು ನೇಕಾರರ ಹೆಂಗಸರ ಸಭೆಗೆ ಕರೆದುಕೊಂಡು ಹೋಗಿ ತಮ್ಮ ಪಕ್ಕ ಚಪ್ಪಲಿಗಳ ಹತ್ತಿರ ಕೂರಿಸಿದರು. ಸಂಜೆಯವರೆಗೂ ಅವಳು ಏಳಲಿಲ್ಲ. ಅನುದಾನ ಬಂತು, ಎರಡು ವರ್ಷಕ್ಕೆ. ಕೆಲಸ ನೋಡಿ ಮುಂದೆ ಮತ್ತೆ ಮೂರು ವರ್ಷ ಕೊಡುವ ಮಾತು.

ಅವರನ್ನು ಅಷ್ಟು ಖುಷಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ. ಶಿವಾಲದಲ್ಲೇ ಕೆಳಮಹಡಿಯಲ್ಲಿ ಒಂದು ಕೋಣೆ ಹಿಡಿದರು. ಒಂದು ಫ್ಯಾನು, ಒಂದು ಕಪಾಟು, ಆಗ ತಾನೇ ವಕೀಲಿ ಶುರುಮಾಡಿದ್ದ ಒಬ್ಬಳು ಕಿರಿಯ ವಕೀಲೆ. ಹಿಯರಿಂಗಿಗೆ ಬರುವ ಹೆಂಗಸರಿಗೆ ದಿನಗೂಲಿ ತಪ್ಪಿದ್ದಕ್ಕೆ ಪರಿಹಾರ, ಬಂದುಹೋಗುವ ಖರ್ಚು. ಇದಕ್ಕೂ ಯಾರಾದರೂ ದುಡ್ಡು ಕೊಟ್ಟಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ ಡಾಕ್ಟ್ರ ಎಂದು ಹತ್ತು ಸಲ ಹೇಳಿದರು. ಚಿಕ್ಕ ಮಗುವಿನ ಹಾಗೆ ನನಗೆ ಆ ಫ್ಯಾನು ಹಾಕಿ ತೋರಿಸಿದರು.

ಈಗ ನಮ್ಮ ಸಂಸ್ಥೆಯ ಮಾತು. ಆಸ್ಪತ್ರೆಯಿಂದ ಮನೆಗೆ ಹೋದ ಬಡ ರೋಗಿಗಳಿಗೆ ಆಮ್ಲಜನಕದ ಯಂತ್ರ, ಗಾಳಿ ಹಾಸಿಗೆ, ಗಾಲಿಕುರ್ಚಿ ಎರವಲು ಕೊಡುವ ಸಣ್ಣ ಸಂಸ್ಥೆ ನಮ್ಮದು. ನಾನು ಕಾರ್ಯದರ್ಶಿ. ಸಮಿತಿಯಲ್ಲಿ ಇಬ್ಬರು ನರ್ಸುಗಳು, ಒಬ್ಬ ದರ್ಜಿ, ಒಬ್ಬ ಮೇಷ್ಟ್ರು, ಮತ್ತೆ ದೋಣಿ ನಡೆಸುವ ಚಾಚಾ. ನಮ್ಮ ಮೊದಲ ಯಂತ್ರ ಹೋದದ್ದು ಚಾಚಾನ ಹೆಂಡತಿಗೆ. ಒಲೆಯ ಹೊಗೆಗೆ ಅವರ ಶ್ವಾಸಕೋಶ ಸುಟ್ಟುಹೋಗಿತ್ತು. ಆ ಋಣಕ್ಕೆ ಚಾಚಾ ಹೊಳೆಯಾಚೆಯ ಹಳ್ಳಿಗಳಿಗೆ ಯಂತ್ರಗಳನ್ನೆಲ್ಲ ತನ್ನ ದೋಣಿಯಲ್ಲಿ ಸಾಗಿಸುತ್ತಿದ್ದ, ದುಡ್ಡು ಮುಟ್ಟುತ್ತಿರಲಿಲ್ಲ. ಓದು ಬರದು, ಹೆಬ್ಬೆಟ್ಟು ಒತ್ತುತ್ತಿದ್ದ.

ನಾನು ಆತುರದ ಮನುಷ್ಯ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು. ರಾತ್ರಿ ಪಾಳಿಯ ನರ್ಸು, ದೋಣಿಯವನು, ದರ್ಜಿ ಇವರನ್ನೆಲ್ಲ ಒಂದು ಹೊತ್ತಿಗೆ ಕೂರಿಸುವುದು ಆಗದ ಮಾತು ಎಂದು, ಒಂದು ಸಲ ಎಲ್ಲರೂ ಸೇರಿದಾಗ ಮುಂದೆ ಬೇಕಾಗುತ್ತದೆಂದು ಐದು ಖಾಲಿ ಹಾಳೆಗಳ ಕೆಳಗೆ ಎಲ್ಲರ ಸಹಿ, ಹೆಬ್ಬೆಟ್ಟು ತೆಗೆದಿಟ್ಟುಕೊಂಡೆ. ನಮ್ಮದು ಹೊಲಿದ ಪುಸ್ತಕವಾಗಿರಲಿಲ್ಲ, ಫೈಲಿಗೆ ಸೇರಿಸುವ ಬಿಡಿ ಹಾಳೆಗಳು. ಹೊಲಿದ ಪುಸ್ತಕ ಮಾಡಿಕೊಳ್ಳಿ ಎಂದು ಕಾಕಾ ಹೇಳಿದ್ದರು, ನಾನು ಹೂಂ ಅಂದಿದ್ದೆ. ಖಾಲಿ ಹಾಳೆಗೆ ಸಹಿ ಪಡೆಯುವುದು ಇಲ್ಲಿನ ಎಷ್ಟೋ ಸಂಸ್ಥೆಗಳಲ್ಲಿ ನಡೆಯುವಂಥದ್ದೇ, ಯಾರೂ ಅದನ್ನು ಮೋಸ ಅಂದುಕೊಳ್ಳುವುದಿಲ್ಲ. ನಾನೂ ಅಂದುಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಚಾಚಾಗೆ ಎದೆನೋವು ಬಂತು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟ. ಮಣಿಕರ್ಣಿಕೆಯಲ್ಲಿ ಅವನ ಚಿತೆಯ ಮುಂದೆ ನಾನೂ ನಿಂತಿದ್ದೆ, ಅತ್ತೂ ಇದ್ದೆ. ಅದಾಗಿ ಹನ್ನೆರಡು ದಿನಕ್ಕೆ ಒಬ್ಬರು ದಾನಿಗಳು ಆರು ಹೊಸ ಯಂತ್ರ ಕೊಡುತ್ತೇವೆ, ಇವತ್ತು ಸಂಜೆಯೊಳಗೆ ನಿಮ್ಮ ಸಮಿತಿಯ ಠರಾವು ಕಳಿಸಿ ಅಂದರು. ನಾನು ಖಾಲಿ ಹಾಳೆಗಳಲ್ಲಿ ಒಂದನ್ನು ತೆಗೆದೆ, ಠರಾವು ಬರೆದೆ, ಮೇಲೆ ಆ ದಿನದ ತಾರೀಖು ಹಾಕಿದೆ, ಕಳಿಸಿದೆ. ಕೆಳಗೆ ಚಾಚಾನ ಹೆಬ್ಬೆಟ್ಟು ಇತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ, ನಾನು ಅದನ್ನು ಅಕ್ಷರಶಃ ಮಾಡಿ ತೋರಿಸಿದ್ದೆ.

ನಾಲ್ಕು ತಿಂಗಳ ಮೇಲೆ ನೋಂದಣಿ ಕಚೇರಿಯಿಂದ ನೋಟೀಸು ಬಂತು. ನಮ್ಮಲ್ಲಿ ಕೆಲಸ ಬಿಟ್ಟುಹೋಗಿದ್ದ ಒಬ್ಬರು ದೂರು ಕೊಟ್ಟಿದ್ದರು. ಈ ಸಮಿತಿಯೇ ನಕಲಿ, ಸತ್ತವರು ಠರಾವು ಮಾಡುತ್ತಾರೆ, ನೋಂದಣಿ ರದ್ದು ಮಾಡಿ ಎಂದು. ಜೊತೆಗೆ ಠರಾವಿನ ನಕಲು, ಚಾಚಾನ ಮರಣ ಪ್ರಮಾಣಪತ್ರದ ನಕಲು. ದೂರು ಕೊಟ್ಟವರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ದೂರು ನಿಜವಾಗಿತ್ತು. ಉತ್ತರ ಕೊಡಲು ನಮಗಿದ್ದದ್ದು ಏಳು ದಿನ. ನೋಂದಣಿ ಹೋದರೆ ಬ್ಯಾಂಕಿನ ಖಾತೆ ನಿಲ್ಲುತ್ತದೆ, ಯಂತ್ರಗಳನ್ನು ಮನೆಮನೆಯಿಂದ ವಾಪಸು ತರಬೇಕಾಗುತ್ತದೆ. ಆ ದಿನ ಹನ್ನೊಂದು ಮನೆಗಳಲ್ಲಿ ಹನ್ನೊಂದು ಜನ ನಮ್ಮ ಯಂತ್ರದಿಂದ ಉಸಿರಾಡುತ್ತಿದ್ದರು. ಅವರಲ್ಲಿ ಚಾಚಾನ ಹೆಂಡತಿ, ಚಾಚಿಯೂ ಒಬ್ಬರು.

ಉಳಿದದ್ದನ್ನು ಮುಚ್ಚಿಡಬಾರದು. ಉಳಿದಿದ್ದ ನಾಲ್ಕು ಖಾಲಿ ಹಾಳೆಗಳಲ್ಲಿ ಇನ್ನೊಂದನ್ನು ತೆಗೆದು ಅದೇ ಠರಾವನ್ನು ಮತ್ತೊಮ್ಮೆ ಬರೆದೆ. ಈ ಸಲ ಚಾಚಾ ಬದುಕಿದ್ದಾಗಿನ ತಾರೀಖು ಹಾಕಿದೆ. ಇದೇ ಅಸಲು, ಕಳಿಸಿದ ಪ್ರತಿಯಲ್ಲಿ ತಾರೀಖು ತಪ್ಪಿದೆ ಎಂದರೆ ಮುಗಿಯಿತು. ಹೆಬ್ಬೆಟ್ಟು ಅವನದೇ, ಯಾವ ಪರೀಕ್ಷೆಗೆ ಕಳಿಸಿದರೂ ಅವನದೇ. ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಶಿವಾಲದ ಕೋಣೆಗೆ ಹೋದೆ.

ಕಾಕಾ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಶಾಯಿ ನೋಡಲಿಲ್ಲ. ಆ ಹೆಬ್ಬೆಟ್ಟನ್ನೇ ನೋಡಿದರು. ಆಮೇಲೆ ಕೇಳಿದರು: "ಆಪರೇಷನ್‌ಕ್ಕಿಂತ ಮೊದ್ಲು ಪೇಷಂಟ್ ಕಡೆ ಸಹಿ ತಗೋತೀರಲ್ಲ ಡಾಕ್ಟ್ರ, ಆ ಕಾಗದ ಖಾಲಿ ಇರ್ತದೇನು?"

ಇಲ್ಲ ಅಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಹನ್ನೊಂದು ಮನೆ ಕಾಕಾ, ಎಂದು ನಾನೇ ಶುರುಮಾಡಿದೆ, ಧ್ವನಿ ಏರಿತು, ಮೇಜು ಗುದ್ದಿದೆ ಅಂತಲೂ ಕಾಣುತ್ತದೆ. ಅವರು ಹೊಸ ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. "ಇದನ್ನ ಕೊಡೂದಾದ್ರ ಬ್ಯಾರೆ ವಕೀಲರನ್ನ ನೋಡ್ಕೋರಿ. ನಾ ಸಿಟ್ಟಾಗಂಗಿಲ್ಲ. ಇದ್ದದ್ದು ಬರಿಯೂದಾದ್ರ ಮೂರು ದಿನದೊಳಗ ಬರ್ರಿ, ಕೂಡಿ ಬರ್‍ಯೋಣು." ಅಷ್ಟು ಹೇಳಿ, ಮಲಯ್ಯೋ ತಿಂತೀರೇನು ಎಂದು ಕೇಳಿದರು. ನಾನು ತಿನ್ನಲಿಲ್ಲ.

ಮೂರನೆಯ ದಿನ ಸಂಜೆ ಹೋದೆ. ಅವರು ಬರೆದ ಪತ್ರದ ಮೊದಲ ವಾಕ್ಯ ನನ್ನ ತಪ್ಪಿನದಾಗಿರಲಿಲ್ಲ. ಈ ಸಂಸ್ಥೆಯ ಕಾಗದಗಳು ಸರಿಯಿವೆ ಎಂದು ನವೀಕರಣದ ಹೊತ್ತಿಗೆ ಪತ್ರ ಕೊಟ್ಟವನು ನಾನು, ಕಾರ್ಯದರ್ಶಿ ಪರಿಚಯದವರು ಎಂಬ ಕಾರಣಕ್ಕೆ ಫೈಲನ್ನು ಕೊನೆಯವರೆಗೆ ತಿರುವಿ ನೋಡಲಿಲ್ಲ, ಎಂದು ತಮ್ಮ ಹೆಸರಿನಿಂದ ಶುರುಮಾಡಿದ್ದರು. ಆಮೇಲೆ ನನ್ನದು. ಖಾಲಿ ಹಾಳೆ, ಎಷ್ಟು, ಯಾವತ್ತು, ಯಾರ ಯಾರ ಸಹಿ, ಎಲ್ಲ. ಒಂದು ಕಡೆಯೂ ಕ್ಷಮಿಸಿ ಎಂಬ ಮಾತಿರಲಿಲ್ಲ. ಕ್ಷಮೆ ಕೇಳುವುದು ಎದುರಿಗೆ ನಿಂತು, ಕಾಗದದಲ್ಲಿ ಅಲ್ಲ ಅಂದರು.

ಹಿಯರಿಂಗಿಗೆ ಇಡೀ ಸಮಿತಿಯನ್ನು ಕರೆತಂದರು. ಚಾಚಿಯೂ ಬರುತ್ತೇನೆಂದು ಹಟ ಹಿಡಿದರು. ಡಾಕ್ಟರಾಗಿ ನಾನು ಬೇಡ ಅಂದೆ, ನನ್ನ ಮಾತಿಗೆ ಆ ವಾರ ಯಾವ ಬೆಲೆಯೂ ಇರಲಿಲ್ಲ. ಸಣ್ಣ ಸಿಲಿಂಡರಿನ ಜೊತೆ, ಇಬ್ಬರು ನರ್ಸುಗಳ ಹೆಗಲ ಆಸರೆಯಲ್ಲಿ ಬಂದರು. ಅಧಿಕಾರಿಗಳು ನನ್ನ ವಯಸ್ಸಿನವರು, ಮಿತಭಾಷಿ. ಪತ್ರವನ್ನು ಎರಡು ಸಲ ಓದಿದರು. ಈ ಹೆಬ್ಬೆಟ್ಟು ನಿಮ್ಮ ಯಜಮಾನರದೇ ಎಂದು ನಿಮಗೆ ಒಪ್ಪಿಗೆಯೇ ಎಂದು ಚಾಚಿಯನ್ನು ಕೇಳಿದರು. ಚಾಚಿ ಮೂಗಿನ ನಳಿಕೆ ಸರಿಮಾಡಿಕೊಂಡು, ಹಾಳೆಯ ಕಡೆ ನೋಡದೆ, ನನ್ನ ಕಡೆ ನೋಡಿ ಹೇಳಿದರು: "ಅಂಗೂಠಾ ಉನಕರ್ ಹೌ ಸಾಹೇಬ್. ಬಾತ್ ಉನಕರ್ ನಾ ಹೌ." ಹೆಬ್ಬೆಟ್ಟು ಅವರದು, ಮಾತು ಅವರದಲ್ಲ.

ನಾನು ಚಾಚಿಯ ಮುಂದೆ ಕೈ ಮುಗಿದು ನಿಂತೆ. ಕಾಕಾ ಎಂದಿನಂತೆ ಬಾಗಿಲ ಹತ್ತಿರ ಇದ್ದರು.

ಆದೇಶ ಆಗಲೇ ಬಂತು. ಕಾರ್ಯದರ್ಶಿ ಕೆಳಗಿಳಿಯಬೇಕು, ಕಚೇರಿಯ ಪ್ರತಿನಿಧಿಯ ಎದುರಿಗೆ ಹೊಸದಾಗಿ ಸರ್ವಸಾಧಾರಣ ಸಭೆ ನಡೆಸಿ ಹೊಸ ಸಮಿತಿ ಆರಿಸಬೇಕು, ಹೊಲಿದ ಪುಸ್ತಕ ಇಡಬೇಕು, ಅಲ್ಲಿಯವರೆಗೆ ಯಂತ್ರಗಳು ಇರುವ ಮನೆಗಳಲ್ಲೇ ಇರಲಿ. ಹನ್ನೊಂದು ಮನೆ ಉಳಿದವು. ಹೊಸ ಸಭೆಯಲ್ಲಿ ಚಾಚಿಯನ್ನು ಅಧ್ಯಕ್ಷರಾಗಿ ಆರಿಸಿದರು. ಈಗಲೂ ಅವರೇ. ನಾನು ಯಂತ್ರಗಳ ಫಿಲ್ಟರ್ ತೊಳೆಯುವ ಸಾಮಾನ್ಯ ಸದಸ್ಯ.

ಉಳಿಯದೇ ಹೋದದ್ದು ಕಾಕಾನ ಅನುದಾನ. ಎರಡು ವರ್ಷದ ವರದಿ ಕಳಿಸುವ ಹೊತ್ತು ಅದೇ ತಿಂಗಳು. ನಮ್ಮ ಸಂಸ್ಥೆಯನ್ನೇ ಅವರು ತಮ್ಮ ಅತ್ಯುತ್ತಮ ಉದಾಹರಣೆ ಎಂದು ಮೊದಲ ವರ್ಷ ಬರೆದಿದ್ದರು. ಈಗ ನಮ್ಮ ತಪ್ಪೊಪ್ಪಿಗೆಯ ಪತ್ರವನ್ನು ವರದಿಯ ಮೊದಲ ಪುಟ ಮಾಡಿ ಕಳಿಸಿದರು. ದಿಲ್ಲಿಯ ಆ ಹುಡುಗಿ ನನಗೆ ಫೋನು ಮಾಡಿದಳು. ಅದನ್ನು ಕೊನೆಯಲ್ಲಿ ಹಾಕಬಹುದಿತ್ತು, ಇಲ್ಲವೇ ಸುಮ್ಮನಿರಬಹುದಿತ್ತು, ನೀವಾದರೂ ಹೇಳಿ ಅಂದಳು. ನಾನು ಹೋಗಿ ಹೇಳಿದೆ. ಕಾನೂನಿಗೆ ಹೆದರಬೇಡಿ, ಇದ್ದದ್ದು ಹೇಳಿ ಎಂದು ಕಲಿಸಲಿಕ್ಕೆ ಬಂದ ದುಡ್ಡು ಅದು, ಅದರ ವರದಿಯಲ್ಲೇ ನಾನು ಅಡಗಿಸಿಟ್ಟರೆ ಆ ಹೆಣ್ಣುಮಕ್ಕಳ ಮುಂದೆ ಮತ್ತೆ ಯಾವ ಬಾಯಲ್ಲಿ ಕೂರಲಿ ಎಂದು ಕೇಳಿದರು. ಪ್ರತಿಷ್ಠಾನದವರು ಬಹಳ ಒಳ್ಳೆಯ ಮಾತುಗಳಲ್ಲಿ, ಮುಂದಿನ ಮೂರು ವರ್ಷಕ್ಕೆ ಕೊಡಲಾಗುತ್ತಿಲ್ಲ ಎಂದು ಬರೆದರು. ಅವರನ್ನು ದೂರುವಂತಿಲ್ಲ. ಶಿವಾಲದ ಕೋಣೆ ಬಿಟ್ಟರು, ಕಿರಿಯ ವಕೀಲೆ ಬೇರೆ ಕಡೆ ಸೇರಿದಳು, ಫ್ಯಾನನ್ನು ಕಿವುಡರ ಹೊಲಿಗೆ ಕೇಂದ್ರಕ್ಕೆ ಕೊಟ್ಟರು. ಕಚಹರಿಯ ಚೌಕಿಗೆ ವಾಪಸಾದರು. ನಾನು ತಲೆ ತಗ್ಗಿಸಿಕೊಂಡು ಹೋದರೆ, ಬೇವಿನ ಗಿಡದ ನೆಳ್ಳಿಗೆ ಬಾಡಿಗಿ ಇಲ್ಲ ಕುಂಡ್ರಿ, ಅಂದರು. ಆದರೆ ಆಮೇಲಿನ ವರ್ಷಗಳಲ್ಲಿ ಅವರು ಹೋಗಲಾಗದೆ ಬಿಟ್ಟ ಸಭೆಗಳು ಬಹಳ ಇದ್ದವು. ಮಂಡಿ ನೋವು, ಟೋಟೋದ ಖರ್ಚು. ಎರಡು ಸಣ್ಣ ಸಂಸ್ಥೆಗಳು ಮುಚ್ಚಿಹೋದವು. ಕಾಗದ ಸರಿಮಾಡಿಕೊಡುವವರಿದ್ದರೆ ಉಳಿಯುತ್ತಿದ್ದವು. ಅದು ನನ್ನ ಖಾತೆಯಲ್ಲಿದೆ, ನನಗೆ ಗೊತ್ತು.

ಹಿಯರಿಂಗ್ ಮುಗಿದ ದಿನ ನಾವಿಬ್ಬರೂ ಒಂದೇ ಟೋಟೋದಲ್ಲಿ ಶಿವಾಲದ ಕಡೆ ಬಂದೆವು. ಗೋದೌಲಿಯಾ ಚೌಕದಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ನಿಂತೆವು. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಆಗ ಕೇಳಿದೆ. ಎಲ್ಲ ಬರೆದಿರಲ್ಲ ಕಾಕಾ, ನಾನು ಹಳೇ ತಾರೀಖು ಹಾಕಿ ತಂದಿದ್ದ ಆ ಎರಡನೇ ಹಾಳೆಯ ವಿಷಯ ಯಾಕೆ ಬರೆಯಲಿಲ್ಲ?

ಅವರು ನನ್ನ ಮೊಣಕಾಲ ಮೇಲೆ ಕೈ ಇಟ್ಟರು. "ನಡಾವಳಿಯೊಳಗ ಆಗಿದ್ದು ಬರೀತಾರ ತಮ್ಮಾ. ಆಗದ್ದನ್ನ ಬರಿಯಂಗಿಲ್ಲ. ನೀ ಅದನ್ನ ಕೊಡಲಿಲ್ಲ. ವಿಚಾರ ಮಾಡಿ, ಹೊಳ್ಳಿ ಬಂದಿ. ಅದಕ್ಕ ನಾ ಭಾಳ ಖುಷಿ ಆಗೇನಿ."

ಅಷ್ಟು ವರ್ಷಗಳಲ್ಲಿ ಅವರು ನನಗೆ ಬಹುವಚನ ಬಿಟ್ಟು ಮಾತಾಡಿದ್ದು ಅದೊಂದೇ ಸಲ. ಟೋಟೋ ಹೊರಟಿತು.

ಕಾಕಾ ಕೊಟ್ಟಿದ್ದ ಗಡುವಿನ ಆ ಮೂರನೆಯ ದಿನ ಮಧ್ಯಾಹ್ನ ನಾನು ಕಚಹರಿಗೆ ಹೋಗಿದ್ದೆ. ಇಂಥ ಕೆಲಸ ಸಲೀಸಾಗಿ ಮಾಡಿಕೊಡುತ್ತಾರೆಂದು ಹೆಸರಾಗಿದ್ದ ಇನ್ನೊಬ್ಬ ವಕೀಲರ ಚೌಕಿಯ ಮುಂದೆ, ಆ ಹಾಳೆ ಚೀಲದಲ್ಲಿಟ್ಟುಕೊಂಡು, ಒಂದೂವರೆ ಗಂಟೆ ಕಾದೆ. ಅವರು ಮಗಳ ಮದುವೆಗೆಂದು ಬಲ್ಲಿಯಾಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ ಎಂದು ಅವರ ಗುಮಾಸ್ತ ಕೊನೆಗೂ ಹೇಳಿದ. ಸೋಮವಾರದವರೆಗೆ ಸಮಯವಿರಲಿಲ್ಲ. ಅಲ್ಲಿಂದ ಎದ್ದು ಕಾಕಾನ ಹತ್ತಿರ ಹೋದೆ.

ಅವರಿಗೆ ಇದನ್ನು ಹೇಳಲು ಆರು ವರ್ಷ ಸಮಯವಿತ್ತು. ಪ್ರತಿ ಸಲ ಶಿವಾಲದ ಆ ಮೂರು ಮಹಡಿ ಹತ್ತುವಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ, ರೊಟ್ಟಿ ತಿಂದು ಇಳಿದು ಬರುತ್ತಿದ್ದೆ. ಕಾರ್ತಿಕದಲ್ಲಿ ಅವರು ಮಲಗಿದಾಗ ದಿನಾ ನಾನೇ ಹೋಗಿ ನೋಡಿಕೊಂಡೆ, ಕೊನೆಗೂ ತೋಳು ಕೊಟ್ಟಿದ್ದರು. ಆಗಲೂ ಹೇಳಲಿಲ್ಲ. ನನ್ನ ಬಗ್ಗೆ ಅವರಿಗಿದ್ದ ಆ ಖುಷಿಯನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜ ಅದಲ್ಲ. ನನ್ನನ್ನು ಹಾಗೆ ನಂಬಿದವರು ಈ ಊರಿನಲ್ಲಿ ಅವರೊಬ್ಬರೇ ಇದ್ದರು, ಅವರನ್ನು ಕಳೆದುಕೊಳ್ಳಲು ಹೆದರಿದೆ.